ನಿಮ್ಮ ಕಡೆಯವರು

ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಹಲ್ಲುಜ್ಜುವುದು ಚನ್ನವೀರನ ಅಭ್ಯಾಸ. ಆ ಶನಿವಾರ ಮಾತ್ರ ಬಚ್ಚಲಿನಲ್ಲೇ ನಿಂತು ಉಜ್ಜಿಕೊಂಡ. ಬಾಲ್ಕನಿಗೆ ಹೋದರೆ ಎದುರಿನ ಪಾರ್ಕಿನ ಕಾಂಪೌಂಡು ಕಾಣುತ್ತದೆ. ಅದಕ್ಕೆ ಒತ್ತಿಕೊಂಡು, ಹೊಂಗೆಮರದ ಕೆಳಗೆ, ಗಾಳಿ ಹೋದ ಟೈರುಗಳ ಮೇಲೆ ಕೂತಿರುವ ಹಳದಿ ವ್ಯಾನು ಕಾಣುತ್ತದೆ. ವ್ಯಾನಿನ ಬಾಗಿಲ ಬಳಿ ಇಟ್ಟಿಗೆ ಒಲೆಗೆ ಊದುತ್ತಾ ದುಂಡವ್ವ ಕಾಣುತ್ತಾಳೆ, ಅವಳಿಗೆ ಇವನು ಕಾಣುತ್ತಾನೆ, ಕಂಡ ತಕ್ಷಣ ಅವಳು ಕೈಯೆತ್ತಿ, ಇಡೀ ಬೀದಿಗೆ ಕೇಳುವ ಹಾಗೆ, 'ಎದ್ದೇನ ತಮ್ಮಾ' ಅನ್ನುತ್ತಾಳೆ. ಇವತ್ತು ಅದನ್ನು ಕೇಳಿಸಿಕೊಳ್ಳುವ ಶಕ್ತಿ ಅವನಲ್ಲಿರಲಿಲ್ಲ. ಹಿಂದಿನ ಸಂಜೆ ಬಡಾವಣೆಯ ಸಂಘದ ಕಾರ್ಯದರ್ಶಿ ವೆಂಕಟಾಚಲ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದ: 'ನಾಳೆ ಬೆಳಿಗ್ಗೆ ವ್ಯಾನ್ ಎತ್ತಲು ಬರುತ್ತಾರೆ. ಎಲ್ಲರೂ ಸಹಕರಿಸಿ.' ಅದರ ಕೆಳಗೆ ಸಾಲುಸಾಲಾಗಿ ಮುಗಿದ ಕೈಗಳು, ಮೇಲೆತ್ತಿದ ಹೆಬ್ಬೆರಳುಗಳು. ಅವುಗಳಲ್ಲಿ ಒಂದು ಹೆಬ್ಬೆರಳು ಚನ್ನವೀರನದು. ಹಾಕದೆ ಇದ್ದರೆ ಯಾರಾದರೂ ಗಮನಿಸುತ್ತಾರೆ ಅನ್ನಿಸಿ ಹಾಕಿದ್ದ.

ದೂರು ಕೊಟ್ಟವನು ಅವನೇ. ಅದು ವೆಂಕಟಾಚಲನಿಗೂ ಗೊತ್ತಿರಲಿಲ್ಲ. ಸಂಘದವರು ತಿಂಗಳುಗಟ್ಟಲೆ ಬಾಯಲ್ಲಿ ಗೊಣಗಿದ್ದರೇ ಹೊರತು ಯಾರೂ ಮುಂದಾಗಿರಲಿಲ್ಲ. ವ್ಯಾನು ಮೊದಲು ಮಕ್ಕಳನ್ನು ಸ್ಕೂಲಿಗೆ ಬಿಡುತ್ತಿದ್ದದ್ದು. ಲಾಕ್‌ಡೌನಿನಲ್ಲಿ ಡ್ರೈವರು ಅದನ್ನು ಮರದ ಕೆಳಗೆ ನಿಲ್ಲಿಸಿ ಊರಿಗೆ ಹೋದವನು ತಿರುಗಿ ಬರಲಿಲ್ಲ. ಬಣ್ಣ ಉದುರಿ 'ಶಾಲಾ' ಹೋಗಿ ಬರೀ 'ವಾಹನ' ಉಳಿದಿತ್ತು. ಕೇಬಲ್ಲಿಗೆ ರಸ್ತೆ ಅಗೆಯುವವರ ಗುಂಪೊಂದು ಬಂದು ಕಾಂಪೌಂಡಿಗೆ ನೀಲಿ ತಾಡಪಾಲು ಕಟ್ಟಿಕೊಂಡು ಇದ್ದು, ಕೆಲಸ ಮುಗಿದ ಮೇಲೆ ತಲಘಟ್ಟಪುರದ ಕಡೆ ಯಾವುದೋ ಅಪಾರ್ಟ್‌ಮೆಂಟ್ ಕಟ್ಟಡಕ್ಕೆ ಹೋಯಿತು. ಅಲ್ಲಿಯ ಕಂಟ್ರಾಕ್ಟರು ದುಡಿಯುವವರಿಗೆ ಮಾತ್ರ ಶೆಡ್ಡು ಕೊಡುತ್ತಾನಂತೆ. ಕಾಲು ಬಾತುಕೊಂಡಿದ್ದ ದುಂಡವ್ವನನ್ನು ಅದೇ ಗುಂಪಿನಲ್ಲಿದ್ದ ಮಗ ಭೀಮಪ್ಪ ವ್ಯಾನಿನ ಒಳಗೆ ಸೀಟು ಕಿತ್ತು ಜಾಗ ಮಾಡಿ ಅಲ್ಲೇ ಬಿಟ್ಟ. ಅವನೋ ಅವನ ಹೆಂಡತಿ ವಿಜಯಲಕ್ಷ್ಮಿಯೋ ಆಗಾಗ ಸಂಜೆ ಬಸ್ಸು ಹಿಡಿದು ಬಂದು ನೀರು ತುಂಬಿಟ್ಟು, ಹಿಟ್ಟು ಕೊಟ್ಟು, ಮಾತಾಡಿಸಿ ಹೋಗುತ್ತಿದ್ದರು.

ಚನ್ನವೀರ ಮನೆಯ ಕಿಟಕಿಯಿಂದ ಫೋನಿನಲ್ಲಿ ವ್ಯಾನಿನ ಫೋಟೋ ತೆಗೆದಿದ್ದ. ತೆಗೆದ ಮೇಲೆ ನೋಡಿದರೆ ಅರ್ಧ ಸರಿದ ಬಾಗಿಲಿನಿಂದ ಒಂದು ಪಾದ ಹೊರಗೆ ಚಾಚಿತ್ತು. ಬಾತ ಪಾದ, ಬೆರಳಿಗೆ ಬೆಳ್ಳಿಯ ಕಾಲುಂಗುರ, ಹಿಮ್ಮಡಿಗೆ ಯಾವುದೋ ಸೊಪ್ಪಿನ ಹಸಿರು ಲೇಪ. ಅವನು ಫೋಟೋದ ಅಂಚನ್ನು ಬೆರಳಿನಿಂದ ಒಳಕ್ಕೆ ಎಳೆದ. ಪಾದ ಹೋಯಿತು. ಉಳಿದದ್ದು ತುಕ್ಕು ಹಿಡಿದ ಮೂತಿ, ಒಡೆದ ದೀಪ, ಎಲೆಯ ರಾಶಿ. ವಾರ್ಡ್ ಆಫೀಸಿನ ಆ್ಯಪಿನಲ್ಲಿ 'ಒಳಗೆ ಯಾರಾದರೂ ವಾಸವಿದ್ದಾರೆಯೇ' ಎಂಬ ಪ್ರಶ್ನೆ ಬಂದಾಗ 'ಇಲ್ಲ' ಒತ್ತಿದ. ಒತ್ತಿದ ಮೇಲೆ ಕೈ ತೊಳೆಯಬೇಕೆನ್ನಿಸಿತು, ಆದರೆ ಎದ್ದು ಹೋಗಲಿಲ್ಲ. ಯಾಕೆಂದರೆ ಬಾಯಲ್ಲಿ ಇನ್ನೂ ಹಿಂದಿನ ದಿನದ ರೊಟ್ಟಿಯ ರುಚಿ ಇದ್ದ ಹಾಗಿತ್ತು.

ಆ ರೊಟ್ಟಿಯ ವಿಷಯ ಅವನು ಹೆಂಡತಿ ಜ್ಯೋತ್ಸ್ನಾಗೆ ಹೇಳಿರಲಿಲ್ಲ. ಎಲ್ಲ ಶುರುವಾದದ್ದು ಗೇಟಿನ ಬಳಿ. ಊರಿನಿಂದ ಅಣ್ಣ ಫೋನು ಮಾಡಿದ್ದ. ಮನೆಯೊಳಗೆ ಅಣ್ಣನ ಜೊತೆ ಮಾತಾಡುವುದನ್ನು ಚನ್ನವೀರ ಎಂದೋ ಬಿಟ್ಟಿದ್ದ. ಅವನ ಫೋನು ಬಂದರೆ ಮೆಟ್ಟಿಲಿಳಿದು ಗೇಟಿಗೆ ಹೋಗುತ್ತಿದ್ದ. 'ಹೂಂನೋ, ಬರ್ತೇನಿ, ಈಗ ಆಗೂದಿಲ್ಲ, ರಜಾ ಕೊಡವಲ್ಲರು' ಎನ್ನುತ್ತಿದ್ದಾಗ ಹಿಂದಿನಿಂದ ನಗು ಕೇಳಿಸಿತು. ಖಾಲಿ ಕೊಡ ಹಿಡಿದು ನಿಂತಿದ್ದ ಮುದುಕಿಯ ಮುಖ ಪೂರ್ತಿ ಅರಳಿತ್ತು. 'ಯಾವೂರಪ್ಪಾ ನಿಂದು?' ಅಂದಳು. ಇವನು 'ಇಲ್ಲೇ' ಅಂದ. 'ಇಲ್ಲೇ ಅಂತ, ನೋಡ ಇವನ್ನ,' ಎಂದು ಅವಳು ಇನ್ನಷ್ಟು ನಕ್ಕಳು. ಅಂದಿನಿಂದ ಅವನು ತಮ್ಮ. ಹಾಲು ತರಲು ಹೋದರೆ ತಮ್ಮ, ಆಫೀಸಿಗೆ ಸ್ಕೂಟರು ತೆಗೆದರೆ ತಮ್ಮ. ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾ ವೆಂಕಟಾಚಲ ಒಂದು ದಿನ ಕೇಳಿದ. 'ಏನ್ ಸಾರ್, ನಿಮ್ಮ ಕಡೆಯವರಾ?' ಅವನ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಆದರೂ ಚನ್ನವೀರನ ಕಿವಿ ಬಿಸಿಯಾಯಿತು. ಬೆಂಗಳೂರಿಗೆ ಬಂದ ಹೊಸದರಲ್ಲಿ ವಿಮಾ ಕಂಪನಿಯ ಕ್ಯಾಂಟೀನಿನಲ್ಲಿ ಇವನು 'ಹೌದ್ರೀ' ಅಂದಾಗಲೆಲ್ಲ ಟೇಬಲ್ಲಿನ ಸುತ್ತ ಇದ್ದವರು ಒಟ್ಟಿಗೆ 'ಹೌದ್ರೀ' ಅಂದು ತಲೆಯಾಡಿಸುತ್ತಿದ್ದರು. ಪ್ರೀತಿಯಿಂದಲೇ. ಅದಕ್ಕೇ ಸಿಟ್ಟು ಮಾಡುವ ಹಾಗಿರಲಿಲ್ಲ. ಬಿಟಿಎಂನ ಬಾಡಿಗೆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅವನು 'ಬರ್ತೀನಿ, ಮಾಡ್ತೀನಿ, ಹೋಯ್ತು' ಎಂದು ಗಟ್ಟಿಯಾಗಿ ಅಂದುಕೊಂಡು ಕಲಿತ. ಆಮೇಲೆ ಸಿಕ್ಕವರು ಯಾರೂ ಅವನನ್ನು ಎಲ್ಲಿಯವನೆಂದು ಕೇಳಲಿಲ್ಲ. ಜ್ಯೋತ್ಸ್ನಾಳ ತಂದೆಯೇ ಮದುವೆ ಮಾತುಕತೆಯಲ್ಲಿ, 'ನಿಮ್ಮ ಮಾತು ನಮ್ಮವರ ಥರಾನೇ ಇದೆ' ಎಂದು ಮೆಚ್ಚಿಕೊಂಡಿದ್ದರು. ಆ ಮೆಚ್ಚುಗೆಯನ್ನು ಅವನು ಬಹಳ ಕಾಲ ಬೆಚ್ಚಗೆ ಇಟ್ಟುಕೊಂಡಿದ್ದ.

ದೂರು ಕೊಟ್ಟ ದಿನದ ಹಿಂದಿನ ಸಂಜೆ ಅವನು ಆಫೀಸಿನಿಂದ ಬರುವಾಗ ದುಂಡವ್ವ ರೊಟ್ಟಿ ಬಡಿಯುತ್ತಿದ್ದಳು. ಸ್ಕೂಟರು ನಿಲ್ಲಿಸಿದ ಮೇಲೂ ಆ ಸದ್ದು ಕೇಳುತ್ತಾ ಅವನು ಹೆಲ್ಮೆಟ್ಟು ತೆಗೆಯದೆ ನಿಂತುಬಿಟ್ಟ. ಅವಳು ಕಂಡು, ಕುಂಟುತ್ತಾ ಬಂದು, ಪೇಪರಿನಲ್ಲಿ ಸುತ್ತಿದ ಬಿಸಿ ರೊಟ್ಟಿ, ಅದರೊಳಗೆ ಪುಂಡಿಪಲ್ಯ, ಗೇಟಿನ ಮೇಲಿಂದ ಅವನ ಕೈಗಿಟ್ಟಳು. 'ತಿನ್ನ. ನಿನ್ನ ಮುಖ ನೋಡಿದ್ರ ಗೊತ್ತಾಗ್ತದ' ಅಂದಳು. ಏನು ಗೊತ್ತಾಗುತ್ತದೆ ಎಂದು ಹೇಳಲಿಲ್ಲ. ಚನ್ನವೀರ ಮೆಟ್ಟಿಲ ತಿರುವಿನಲ್ಲಿ, ನೀರಿನ ಮೋಟರಿನ ಪಕ್ಕ, ದೀಪ ಹಾಕದೆ ನಿಂತು ಅದನ್ನು ತಿಂದ. ಕಳ್ಳನ ಹಾಗೆ, ದೊಡ್ಡ ದೊಡ್ಡ ತುತ್ತು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಅಂದುಕೊಂಡ. ಬಾಯಿ ಒರೆಸಿಕೊಂಡು, ಪೇಪರು ಮಡಚಿ ಜೇಬಿಗೆ ಹಾಕಿ, ಮೇಲೆ ಹೋದರೆ ಜ್ಯೋತ್ಸ್ನಾ, 'ಏನೋ ಬೆಳ್ಳುಳ್ಳಿ ವಾಸನೆ' ಅಂದಳು. 'ಕೆಳಗಿಂದ, ಆ ಮುದುಕಿ ಅಡಿಗೆ' ಅಂದ. ಆ ಮುದುಕಿ ಎಂದು ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತು. ರಾತ್ರಿಯೂಟಕ್ಕೆ ಕೂತಾಗ ಹಸಿವಿಲ್ಲದಿದ್ದರೂ ಅನ್ನ ಸಾರು ಕಲಸಿದ. ಮುದುಕಿ ನಾಳೆಯೂ ರೊಟ್ಟಿ ಕೊಡುತ್ತಾಳೆ, ನಾಳಿದ್ದೂ ಕೊಡುತ್ತಾಳೆ, ತಾನು ದಿನವೂ ಮೆಟ್ಟಿಲಲ್ಲಿ ನಿಂತು ತಿನ್ನುತ್ತೇನೆ, ಒಂದು ದಿನ ಯಾರೋ ದೀಪ ಹಾಕುತ್ತಾರೆ ಎಂದು ಅವನಿಗೆ ಭಯವಾಯಿತು. ಬೆಳಿಗ್ಗೆ ಎದ್ದವನೇ ಫೋಟೋ ತೆಗೆದ.

ಈ ಶನಿವಾರ ಕಾಫಿ ಮುಗಿಯುವ ಹೊತ್ತಿಗೆ ಕ್ರೇನಿನ ಸದ್ದು ಕೇಳಿಸಿತು. 'ಬಂದ್ರು ಅನ್ಸುತ್ತೆ,' ಎಂದು ಜ್ಯೋತ್ಸ್ನಾ ಬಾಲ್ಕನಿಗೆ ಹೋದಳು. 'ಪಾಪ, ಆಯಮ್ಮಂಗೆ ಯಾರಾದ್ರೂ ಹೇಳಿದಾರೋ ಇಲ್ವೋ. ನೀವು ಒಂದ್ ಸಲ ಕೆಳಗೆ ಹೋಗಿ ನೋಡಿ.' ಚನ್ನವೀರ ಪೇಪರಿನಿಂದ ಮುಖ ಎತ್ತದೆ, 'ಸಂಘದವರಿದಾರಲ್ಲ' ಅಂದ. ಅಷ್ಟರಲ್ಲಿ ಕೆಳಗಿನಿಂದ ವೆಂಕಟಾಚಲನ ದನಿ ಬಂತು. 'ಚನ್ನವೀರ ಸಾರ್, ಸ್ವಲ್ಪ ಬರ್ತೀರಾ?'

ಬೀದಿಯಲ್ಲಿ ಆಗಲೇ ಜನ ನಿಂತಿದ್ದರು. ಕೆಲವರ ಕೈಯಲ್ಲಿ ಫೋನು. ವಾರ್ಡ್ ಆಫೀಸಿನಿಂದ ಸುಮನ್ ಎಂಬ ಹುಡುಗುಮುಖದ ಎಂಜಿನಿಯರು ಬಂದಿದ್ದ. ವ್ಯಾನಿನ ಬಾಗಿಲು ಒಳಗಿನಿಂದ ಹಾಕಿತ್ತು. ಕ್ರೇನಿನವನು ಬಡಿದರೆ ಒಳಗಿನಿಂದಲೂ ಯಾರೋ ಬಡಿದರು. ಸುಮನ್ ಫೋನು ನೋಡುತ್ತಾ ಬೇಸರದಲ್ಲಿದ್ದ. 'ಕಂಪ್ಲೇಂಟಲ್ಲಿ ಖಾಲಿ ಗಾಡಿ ಅಂತ ಇದೆ ಸಾರ್. ಒಳಗೆ ಮನುಷ್ಯರಿದ್ರೆ ನಾವು ಎತ್ತೋ ಹಾಗಿಲ್ಲ. ಅವರಿಗೆ ಬೇರೆ ಕಡೆ ವ್ಯವಸ್ಥೆ ಮಾಡೋರಿಗೆ ಬರೀಬೇಕು, ಅವರು ಬರಬೇಕು. ಇವತ್ತಿಗಾಗಲ್ಲ. ವಾಪಸ್ ಹೋಗ್ತೀವಿ.'

'ಇಷ್ಟು ದಿನ ಕಾದು ಈಗ ವಾಪಸ್ ಅಂದ್ರೆ ಹೇಗೆ ಸಾರ್,' ಎಂದ ವೆಂಕಟಾಚಲ. ಚನ್ನವೀರನ ಭುಜದ ಮೇಲೆ ಕೈ ಇಟ್ಟ. 'ಇವರು ಹೇಳ್ತಾರೆ ಬಿಡಿ. ಇವರ ಭಾಷೇಲಿ ಹೇಳಿದ್ರೆ ಕೇಳ್ತಾಳೆ. ನಮ್ದೆಲ್ಲ ಅವಳಿಗೆ ತಲೆಗೇ ಹೋಗ್ತಿಲ್ಲ.'

ವಾಪಸ್ ಹೋಗಲಿ ಬಿಡಿ ಅನ್ನುವುದಕ್ಕೆ ಒಂದು ಕ್ಷಣ ಸಾಕಿತ್ತು. ಆ ಮಾತು ಚನ್ನವೀರನ ನಾಲಿಗೆಯ ತನಕ ಬಂದಿತ್ತು. ಆದರೆ ಎಲ್ಲರೂ ಅವನನ್ನೇ ನೋಡುತ್ತಿದ್ದರು, ಆ ನೋಟದಲ್ಲಿ ಈ ಬಾರಿ ತಮಾಷೆಯಿರಲಿಲ್ಲ, ಅವನು ಬೇಕಾಗಿದ್ದ. ಅವನ ಮಾತು ಈ ಬೀದಿಯಲ್ಲಿ ಮೊದಲ ಸಲ ಯಾರಿಗೋ ಬೇಕಾಗಿತ್ತು. ಅವನು ವ್ಯಾನಿನ ಹತ್ತಿರ ಹೋಗಿ ತಗಡಿಗೆ ಬಾಯಿ ಇಟ್ಟ.

'ಯವ್ವಾ, ನಾನದೇನಿ. ಬಾಗಲಾ ತಗೀ.'

ಬಡಿತ ನಿಂತಿತು. 'ತಮ್ಮಾ? ನೀ ಏನ?'

'ನಾನ. ಹೆದರಬ್ಯಾಡ. ಯಾರೂ ನಿನಗ ಏನೂ ಮಾಡೂದಿಲ್ಲ. ನಾ ಇಲ್ಲೇ ನಿಂತೇನಿ.'

ಮಾತು ತಾನಾಗಿ ಬರುತ್ತಿತ್ತು. ಒಂದೊಂದು ಶಬ್ದದ ತುದಿಯನ್ನೂ ನಾಲಿಗೆ ಚಪ್ಪರಿಸುತ್ತಿತ್ತು. ಅವನಿಗೆ ನಾಚಿಕೆಯಾಗಲಿಲ್ಲ. ಸುಖವಾಯಿತು. ಬಾಗಿಲು ಕಿರುಗುಟ್ಟಿ ಗೇಣಿನಷ್ಟು ಸರಿಯಿತು. ಒಳಗೆ ಹಳೆ ಸೀರೆಗಳನ್ನು ಸೇರಿಸಿ ಹೊಲಿದು ಮಡಚಿಟ್ಟ ಕೌದಿ, ತೊಳೆದು ಬೋರಲು ಹಾಕಿದ ಪಾತ್ರೆಗಳು, ಕಿಟಕಿಗೆ ಕಟ್ಟಿದ ಸೀರೆಯ ತುಂಡು. ಅವಳ ಕಣ್ಣುಗಳು ಅವನ ಮುಖದ ಮೇಲೆ ನಿಂತವು.

'ಗಾಡಿ ಒಯ್ಯಾಕ ಬಂದಾರಂತಲ್ಲೋ. ಒಯ್ತಾರೇನ?'

'ಒಯ್ದ ಏನ್ ಮಾಡ್ತಾರಬೇ. ಗಾಲಿ ಸರಿ ಮಾಡಿ, ಬಣ್ಣಾ ಬಡದು, ಸಂಜೀಕ ತಂದ ಇಲ್ಲೇ ನಿಂದರಸ್ತಾರ. ಆಮ್ಯಾಲ ಯಾರೂ ನಿನ್ನ ಕೇಳೂದಿಲ್ಲ.'

ಅದನ್ನು ಹೇಳಬೇಕೆಂದು ಅವನು ಬಂದಿರಲಿಲ್ಲ. ಯೋಚಿಸಿಯೂ ಇರಲಿಲ್ಲ. ಮಾತಿನ ಓಟದಲ್ಲಿ ಅದೂ ಬಂದುಬಿಟ್ಟಿತು, ತುಂಬ ಸಹಜವಾಗಿ, ನಿಜದ ಹಾಗೆ. ದುಂಡವ್ವ ಬಾಗಿಲನ್ನು ಪೂರ್ತಿ ಸರಿಸಿದಳು. 'ನೀ ಹೇಳ್ತಿ ಅಂದ್ರ ಬರ್ತೇನಿ,' ಎಂದು ಕೈ ಚಾಚಿದಳು. ಇಳಿಯುವಾಗ ತನ್ನ ಇಡೀ ಭಾರವನ್ನು ಅವನ ಭುಜದ ಮೇಲೆ ಬಿಟ್ಟಳು. ಹೊಗೆಯ, ಹರಳೆಣ್ಣೆಯ ವಾಸನೆ. ಯಾರೋ 'ಸೂಪರ್ ಸಾರ್' ಅಂದರು. ಪಾತ್ರೆ, ಕೊಡ, ಬಟ್ಟೆಗಂಟು ಫುಟ್‌ಪಾತಿನ ಮೇಲೆ ಬಂದವು. ಕೌದಿ ತೆಗೆಯಲು ಹೋದ ಕ್ರೇನಿನವನಿಗೆ ಅವಳೇ, 'ಇರ್ಲಿ ಬಿಡಪ್ಪಾ, ಸಂಜೀಕ ಬರ್ತದಲ್ಲ' ಅಂದಳು. ಅರ್ಥವಾಗದೆ ಅವನು ಬಿಟ್ಟ. ಚನ್ನವೀರನಿಗೆ ಅರ್ಥವಾಯಿತು. ಸರಪಳಿ ಬಿಗಿದು ವ್ಯಾನು ಮೇಲೆದ್ದಾಗ ಅದರ ಹೊಟ್ಟೆಯಿಂದ ಕೊಳೆತ ಎಲೆ, ಮಣ್ಣು, ಒಂದು ಮಗುವಿನ ಶೂ ಕೆಳಗೆ ಬಿದ್ದವು. ಕೌದಿಯನ್ನು ಒಳಗಿಟ್ಟುಕೊಂಡು ಅದು ಬೀದಿಯ ತಿರುವಿನಲ್ಲಿ ಮರೆಯಾಯಿತು.

ಮಧ್ಯಾಹ್ನ ಮಗಳು ಐಶ್ವರ್ಯ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುತ್ತಲೇ ಫೋನು ಮುಂದೆ ಹಿಡಿದಳು. 'ಅಪ್ಪಾ, ಇದು ನೀನಾ? ಗ್ರೂಪಲ್ಲಿ ಹಾಕಿದಾರೆ. ನಿಂಗೆ ಹೀಗ್ ಮಾತಾಡಕ್ಕೆ ಬರುತ್ತಾ? ಯಾವತ್ತೂ ಮಾತಾಡೇ ಇಲ್ಲ.' ವಿಡಿಯೋದಲ್ಲಿ ಅವನ ಬೆನ್ನು ಕಾಣುತ್ತಿತ್ತು, ಬನಿಯನ್ನಿಗೆ ಬೆವರಿನಿಂದ ಅಂಟಿಕೊಂಡ ಶರ್ಟು. ದನಿ ಸ್ಪಷ್ಟವಾಗಿತ್ತು. ಅಪರಿಚಿತನ ದನಿ, ಅಣ್ಣನ ದನಿಯ ಹಾಗೆ ಇತ್ತು. ಮೇಲೆ ವೆಂಕಟಾಚಲ ಬರೆದಿದ್ದ: 'ನಮ್ಮ ಚನ್ನವೀರ ಸಾರ್ ಅವರ ಮಾನವೀಯ ಪ್ರಯತ್ನ.' ಐಶ್ವರ್ಯ ಅದನ್ನು ಮತ್ತೆ ಹಾಕಿದಳು. ಗಾಲಿ ಸರಿ ಮಾಡಿ, ಬಣ್ಣಾ ಬಡದು. 'ಸಖತ್ತಾಗಿದೆ ಅಪ್ಪಾ,' ಅಂದವಳು, ಆಮೇಲೆ, 'ಹೌದಾ, ಸಂಜೆ ತಂದ್ ಕೊಡ್ತಾರಾ ನಿಜವಾಗ್ಲೂ?' ಎಂದು ಕೇಳಿದಳು. ಅಡಿಗೆಮನೆಯಲ್ಲಿ ಜ್ಯೋತ್ಸ್ನಾಳ ಪಾತ್ರೆಯ ಸದ್ದು ನಿಂತಿತು. ಚನ್ನವೀರ ಲೋಟದ ನೀರು ಕುಡಿದ. ಮಗಳು ಉತ್ತರಕ್ಕೆ ಕಾದು, ಫೋನಿನ ಮೇಲಿದ್ದ ಬೆರಳನ್ನು ನಿಧಾನವಾಗಿ ತೆಗೆದು, ಒಳಗೆ ಹೋದಳು.

ಜ್ಯೋತ್ಸ್ನಾ ಅನ್ನ ಬಡಿಸಿ ಎದುರಿಗೆ ಕೂತಳು. 'ಅಲ್ಲೇ ಕೂತಿದಾರೆ ಅವರು. ಊಟ ತಗೊಂಡ್ ಹೋದೆ. ಬೇಡ, ಗಾಡಿ ಬಂದ್ಮೇಲೆ ಒಲೆ ಹಚ್ತೀನಿ ಅಂತಾರೆ.' ಇವನು ತಲೆ ತಗ್ಗಿಸಿ ತುತ್ತು ಕಟ್ಟುತ್ತಿದ್ದ. 'ಆ ಕಂಪ್ಲೇಂಟ್ ಯಾರು ಕೊಟ್ಟಿದ್ದು?' ಎಂದು ಅವಳು ಕೇಳಿದಳು. ಕೇಳಿದ ರೀತಿಯಲ್ಲೇ ಅವಳಿಗೆ ಗೊತ್ತಾಗಿದೆ ಅನ್ನಿಸಿತು. 'ಸಂಘದವರಿರಬೇಕು' ಅಂದ. ಅವಳು ಮೊಸರಿನ ಪಾತ್ರೆಯನ್ನು ಅವನತ್ತ ತಳ್ಳಿ ಎದ್ದುಹೋದಳು. ಇದಾದ ಮೇಲೆ ಅವನು ಮಲಗಿದ. ನಿದ್ದೆ ಬರಲಿಲ್ಲ. ಗ್ರೂಪಿನಲ್ಲಿ ಹೊಸ ಮೆಸೇಜು ಬಂದಿತ್ತು. ಪಾರ್ಕಿನ ಗೇಟಿನ ಪಕ್ಕದ ಮನೆಯವರು ಕೇಳಿದ್ದರು: 'ವ್ಯಾನ್ ಹೋಯ್ತು, ಸಂತೋಷ. ಆದರೆ ಆ ಹೆಂಗಸು ಸಾಮಾನು ಹರಡಿಕೊಂಡು ಫುಟ್‌ಪಾತಲ್ಲೇ ಇದ್ದಾಳೆ. ಚನ್ನವೀರ ಸಾರ್ ಗಮನಿಸಬಹುದಾ?' ಅದಕ್ಕೂ ಹೆಬ್ಬೆರಳುಗಳು ಬಂದಿದ್ದವು.

ಇಳಿಬಿಸಿಲಿನಲ್ಲಿ ಚನ್ನವೀರ ಕೆಳಗಿಳಿದ. ನಿಜ ಹೇಳಿಬಿಡಬೇಕು ಎಂದು ಮೆಟ್ಟಿಲಿಗೊಮ್ಮೆ ಅಂದುಕೊಂಡ. ದೂರು ಕೊಟ್ಟವನು ನಾನು, ಗಾಡಿ ಬರುವುದಿಲ್ಲ, ನಾನು ಎಲ್ಲಾದರೂ ಒಂದು ರೂಮು ನೋಡುತ್ತೇನೆ. ಉತ್ತರಹಳ್ಳಿಯ ಕಡೆ ಸಿಗಬಹುದು. ರೂಮಿನ ಕಲ್ಪನೆ ಅವನಿಗೆ ಧೈರ್ಯ ಕೊಟ್ಟಿತು. ಅದರ ಗೋಡೆ, ಕಿಟಕಿ, ನಲ್ಲಿ, ಅವಳು ಹರಸುವುದು, ಎಲ್ಲವೂ ಕಂಡವು. ಆದರೆ ಮರದ ಕೆಳಗೆ ಅವಳ ಜೊತೆ ಭೀಮಪ್ಪ ನಿಂತಿದ್ದ. ತಲಘಟ್ಟಪುರದಿಂದ ನೇರ ಬಂದಿದ್ದವನ ತಲೆಗೂದಲು ಸಿಮೆಂಟಿನಿಂದ ಬೂದುಬಣ್ಣವಾಗಿತ್ತು. ವ್ಯಾನು ಇದ್ದ ಜಾಗದಲ್ಲಿ ಉಳಿದಿದ್ದ ಕಪ್ಪು ನೆಲವನ್ನು ಅವನು ನೋಡುತ್ತಿದ್ದ. ದುಂಡವ್ವ ಗಂಟಿನ ಮೇಲೆ ಕೂತು ಅವನನ್ನು ಸಮಾಧಾನ ಮಾಡುತ್ತಿದ್ದಳು. 'ಬರ್ತದೋ, ತಮ್ಮ ಹೇಳ್ಯಾನ. ನೋಡು, ಅಂವನ ಬಂದ.'

'ಭೀಮಪ್ಪಾ,' ಎಂದ ಚನ್ನವೀರ, 'ನಾ ನಿನಗ ಒಂದ ಮಾತ...'

'ನನ್ ಜೊತೆ ಹಂಗೆ ಮಾತಾಡೋದ್ ಬೇಡ ಸಾರ್,' ಎಂದ ಭೀಮಪ್ಪ. ದನಿ ಏರಿರಲಿಲ್ಲ. ಬೆಂಗಳೂರಿನ ಕನ್ನಡ, ಕಟ್ಟಡದ ಮೇಸ್ತ್ರಿಗಳ ಜೊತೆ ಆಡಿ ಆಡಿ ಚೊಕ್ಕವಾದದ್ದು. 'ನಿಮ್ಮ ಮಾತು ನಂಗೂ ಬರುತ್ತೆ. ಗೇಟ್ ಹತ್ರ ಒಬ್ಬರು ವಿಡಿಯೋ ತೋರಿಸಿದ್ರು. ನೋಡಿದೆ.'

'ರೂಮ್ ಒಂದು ನೋಡೋಣ,' ಅಂದ ಚನ್ನವೀರ.

'ಬೇಡ ಸಾರ್. ನಮ್ ಶೆಡ್ಡಲ್ಲಿ ಇಟ್ಕೊತೀನಿ, ಕಂಟ್ರಾಕ್ಟರ್ ಬೈದ್ರೆ ಬೈಲಿ. ಆಟೋ ನಿಲ್ಸಿದೀನಿ. ಇವಳು ಏಳ್ತಿಲ್ಲ. ನಾನು ಎಷ್ಟು ಹೇಳಿದ್ರೂ ಗಾಡಿ ಬರುತ್ತೆ, ನೀವು ಹೇಳಿದೀರಿ ಅಂತಾಳೆ. ನನ್ನ ನಂಬ್ತಿಲ್ಲ.' ಅವನು ಮೊದಲ ಬಾರಿಗೆ ಚನ್ನವೀರನ ಮುಖ ನೋಡಿದ. 'ನೀವೇ ಹೇಳಿ. ಬರಲ್ಲ ಅಂತ. ಅಷ್ಟು ಮಾಡಿ ಸಾಕು.'

ದುಂಡವ್ವ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ಬೆಳಿಗ್ಗೆಯಿಂದ ಕೂತು ಕೂತು ಪಾದ ಇನ್ನಷ್ಟು ಬಾತಿತ್ತು, ಸೊಪ್ಪಿನ ಲೇಪ ಒಣಗಿ ಉದುರಿತ್ತು. ಚನ್ನವೀರ ಅವಳೆದುರು ಕುಕ್ಕರುಗಾಲಲ್ಲಿ ಕೂತ. ಬಾಯಿ ತೆರೆದ. ಬೆಳಿಗ್ಗೆ ಅಷ್ಟು ಧಾರಾಳವಾಗಿ ಹರಿದ ಮಾತು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಯವ್ವಾ ಅನ್ನಲು ನಾಲಿಗೆ ಏಳಲಿಲ್ಲ. ಗಾಡಿ ಬರೂದಿಲ್ಲ ಎಂದು ಮನಸ್ಸಿನಲ್ಲಿ ಜೋಡಿಸಿದ, ಅದು ಅವನ ಕಿವಿಗೇ ನಾಟಕದ ಹಾಗೆ ಕೇಳಿಸಿತು. ಕೊನೆಗೆ ಹೊರಗೆ ಬಂದದ್ದು ಆಫೀಸಿನ ಕೌಂಟರಿನಲ್ಲಿ ಕ್ಲೇಮು ತಿರಸ್ಕಾರವಾದವರಿಗೆ ದಿನವೂ ಹೇಳುವ ದನಿ.

'ಗಾಡಿ ವಾಪಸ್ ಬರಲ್ಲಮ್ಮ. ಬರೋದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಕಂಪ್ಲೇಂಟ್ ಕೊಟ್ಟಿದ್ದೂ ನಾನೇ.'

ಅವಳು ಹುಬ್ಬು ಕೂಡಿಸಿ ಅವನ ತುಟಿಗಳನ್ನೇ ನೋಡಿದಳು, ದೂರದಲ್ಲಿ ಯಾರೋ ಏನೋ ಹೇಳುತ್ತಿರುವಂತೆ. ಆಮೇಲೆ ಮಗನ ಕಡೆ ತಿರುಗಿದಳು.

'ಏನಂತಾನ ಅಂವ?'

ಭೀಮಪ್ಪ ಬಗ್ಗಿ ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ. ಬಹಳ ಹೇಳಲಿಲ್ಲ. ಕೇಳುತ್ತಾ ಕೇಳುತ್ತಾ ಅವಳ ಮುಖದಲ್ಲಿ ಏನೂ ಆಗಲಿಲ್ಲ, ನೋಡುತ್ತಿದ್ದ ಚನ್ನವೀರನಿಗೆ ಹಾಗನ್ನಿಸಿತು. ಅವಳು ಸೆರಗು ಸರಿ ಮಾಡಿಕೊಂಡಳು. ಕೊಡವನ್ನು ಹತ್ತಿರ ಎಳೆದುಕೊಂಡು ಅದರೊಳಗೆ ಲೋಟ ಹಾಕಿದಳು. 'ಕೌದಿ ಅದರಾಗ ಹೋತು,' ಎಂದು ಮಗನಿಗೆ ಹೇಳಿದಳು. ಆಮೇಲೆ ಅವನ ಹೆಗಲು ಹಿಡಿದು ಎದ್ದಳು. ಆಟೋ ಚನ್ನವೀರನ ಬೆನ್ನ ಹಿಂದೆ ನಿಂತಿತ್ತು. ಅವನು ಎದ್ದು ನಿಂತಿದ್ದನೇ ಹೊರತು ಅಲ್ಲಿಂದ ಕದಲಿರಲಿಲ್ಲ. ಅವಳು ಅವನೆದುರು ಬಂದು ನಿಂತು, ಅವನ ಅಂಗಿಯ ಗುಂಡಿಯ ಮಟ್ಟದಲ್ಲಿ ಕಣ್ಣಿಟ್ಟು, ಬೀದಿಯಲ್ಲಿ ಹೋಗುವ ಯಾವ ದೊಡ್ಡ ಮನುಷ್ಯನಿಗಾದರೂ ಹೇಳುವ ಹಾಗೆ ಹೇಳಿದಳು.

'ಸ್ವಲ್ಪ ದಾರಿ ಬಿಡ್ರೀ ಸಾಹೇಬ್ರ.'

ಚನ್ನವೀರ ದಾರಿ ಬಿಟ್ಟ.